ಗ್ಯಾರೇಜಿನ ನೀರು

ವಿಸ್ಕಾನ್ಸಿನ್‌ನ ನಮ್ಮೂರಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಒಂದೇ. ಶನಿವಾರ ಅಲ್ಲಿನ ಸಾಲಿನಲ್ಲಿ ನನ್ನ ಮುಂದೆ ಲೈಲ್ ಇದ್ದ, ಅವನ ಮುಂದೆ ಮಾಲ್ಟ್ ಚೀಲ ಹೊತ್ತ ನಾರ್ಬರ್ಟ್.

“ಬಾವಿ ನೀರು ಟೆಸ್ಟ್ ಮಾಡಿಸ್ದೆಯಲ್ಲ, ಏನಂದ್ರು?” ಎಂದು ಲೈಲ್ ಕೇಳಿದ.

“ಸುತ್ತಲಿನ ಹೊಲದ ಗೊಬ್ಬರ ಎಲ್ಲಾ ಬಾವಿಗೇ ಇಳಿದಿದೆಯಂತೆ ಕಣೋ. ನೈಟ್ರೇಟ್ ವಿಪರೀತ. ಯೀಸ್ಟಿಗೆ ಆಗಿಬರಲ್ಲ.”

“ಅಯ್ಯೋ! ಮತ್ತೇನು ಮಾಡ್ದೆ?”

“ಗ್ಯಾರೇಜಲ್ಲಿ ಒಳ್ಳೇ ಫಿಲ್ಟರ್ ಹಾಕಿಸ್ದೆ. ಬಿಯರ್ ರುಚಿಗೆ ಅಂತ ಆ ನೀರಿಗೆ ಒಂದು ಚಿಟಿಕೆ ಜಿಪ್ಸಮ್ ಪುಡಿ. ಈ ಸಲದ ಬಿಯರ್ ಕುಡಿದು ನೋಡು, ನಿಂದನ್ನ ಚರಂಡಿಗೆ ಸುರೀತೀಯ!”

“ಅಡುಗೆಮನೆಗೂ ಅದೇ ನೀರಾ?”

“ಅದು ಹನಿ ಹನಿ ಬೀಳತ್ತೆ ಮಾರಾಯ. ಕಾಫಿಗೆ, ಸೂಪಿಗೆ ಅಂತ ಎಲ್ಲರೂ ಹಿಡ್ಕೊಂಡ್ರೆ ನನ್ನ ಬಿಯರ್ ಗತಿ ಏನು? ಗ್ಯಾರೇಜಿಗೆ ಬೀಗ ಹಾಕಿದ್ದೀನಿ.”

“ಅಲ್ವೋ, ನೈಟ್ರೇಟು ಬಸುರಿಯರಿಗೆ, ಕೂಸುಗಳಿಗೆ ಕೆಟ್ಟದ್ದು ಅಂತಾರೆ. ನಿಮ್ಮನೇಲಿ ಸೊಸೆ ಬೇರೆ...”

“ಅವಳ ಚಿಂತೆ ಬಿಡು.” ಸರದಿ ಬಂತೆಂದು ನಾರ್ಬರ್ಟ್ ಮುಂದೆ ಸರಿದ. “ಬಸುರಿ ಅಂತ ಗೊತ್ತಾದಾಗಿಂದ ಪುಣ್ಯಾತ್ಗಿತ್ತಿ ಬಿಯರ್ ಮುಟ್ಟೇ ಇಲ್ಲ. ಲೋಟ ಲೋಟ ನೀರೇ ಕುಡೀತಾಳೆ.”