ಗೋಡೆಯ ಮೇಲಿನ ಹಳ್ಳಿ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕೋಮಲ ಯಳಂದೂರಿನ ಬಸ್ಸಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಹನೂರಿನ ಮುದುಕಿಯೊಬ್ಬಳು ತಂಗಿಯ ಮಗಳೊಡನೆ ಕೂತಿದ್ದಳು.

“ಇದೇನ್ ದೊಡ್ಡವ್ವಾ, ನಿಮ್ ಬೀದಿ ಮುಂದೆ ಅಷ್ಟುದ್ದ ಗೋಡೆ ಎದ್ದದೆ?” ಎಂದಳು ಹುಡುಗಿ.

“ಬೆಟ್ಟಕ್ಕೋಗೋ ಟೂರಿಸ್ಟುಗಳ ಕಣ್ಗೆ ನಮ್ ಮನೆಗಳು ಬೀಳ್ಬಾರ್ದಂತೆ ಕಣವ್ವಾ. ಊರ ಚೆಂದ ಮಾಡ್ತಾವ್ರೆ.”

“ಅದ್ರ ಮ್ಯಾಲೆ ಏನೋ ಚಿತ್ರ ಬರ್ಸವ್ರಲ್ಲ?”

“ಅಳ್ಳಿ ಚಿತ್ರ! ಗುಡಿಸ್ಲು, ಎಮ್ಮೆ, ಮೈತುಂಬ ಒಡವೆ ಆಕ್ಕಂಡಿರೋ ಎಂಗ್ಸು. ಥೂ! ನಿಜವಾದ ಎಮ್ಮೆ ಗೋಡೆ ಇಂದೆ ಕಟ್ಟಾಕಿವ್ನಿ.”

“ನೀನು ಸುಮ್ಕಿದ್ಯಾ?”

“ಯಾಕ್ ಸುಮ್ಕಿರ್ಲಿ? ಬಿಸ್ಲು ಚೆನ್ನಾಗ್ ಬೀಳ್ತದೆ ಅಂತ ಗೋಡೆ ತುಂಬ ಬೆರಣಿ ತಟ್ದೆ. ಆ ಎಂಗ್ಸಿನ ಮೊಕದ ಮ್ಯಾಲೂವೆ.”

ಕೋಮಲ ಉಕ್ಕಿಬಂದ ನಗುವನ್ನು ದುಪಟ್ಟಾದಲ್ಲಿ ಅಡಗಿಸಿಕೊಂಡಳು.

“ಗೋಡೆ ಕಟ್ಸಿದ ಸಾಹೇಬ ಬರ್ನಿಲ್ವಾ?”

“ಬಂದ, ಕುಣ್ದಾಡ್ದ. ‘ಅಳ್ಳಿ ಬರ್ಸುದ್ರಿ ಸಾ, ಬೆರಣಿ ಮರ್ತ್ಬುಟ್ರಿ. ಅದ್ಕೆ ನಾನೇ ತಟ್ದೆ’ ಅಂದೆ. ಮೂಗ್ ಮುಚ್ಕಂಡು ಕಾರು ಅತ್ಕಂಡು ಓದ.”

“ಆಳು ಕರ್ಸಿ ತೊಳ್ಸಾಕ್ತಾನೆ ಬುಡು.”

ಅಷ್ಟರಲ್ಲಿ ಹನೂರಿನ ಬಸ್ಸು ಬಂತು. ಮುದುಕಿ ಚೀಲ ಎತ್ತಿಕೊಂಡು ಎದ್ದಳು.

“ತೊಳ್ಸ್ಲಿ. ನಮ್ ಬೀದಿ ನಲ್ಲೀಲಿ ನೀರು ಬಂದು ತಿಂಗ್ಳಾಯ್ತು. ತೊಳ್ಯಕ್ಕಾದ್ರೂ ನೀರು ಬುಡ್ತಾನಲ್ಲ, ಇಡ್ಕಳಕ್ಕೆ ಬಿಂದ್ಗೆ ಮಡ್ಗಿವ್ನಿ!”

ಇಬ್ಬರೂ ಬಸ್ಸು ಹತ್ತಿದರು.