ಎರಡನೆಯದೋ ಮೂರನೆಯದೋ

ನಮ್ಮ ರಕ್ತನಿಧಿಯ ನಿರ್ದೇಶಕರೂ ಈ ಸಭೆಯ ಅಧ್ಯಕ್ಷರೂ ಆದ ನಮಗೆಲ್ಲ ಹಿರಿಯಣ್ಣನಂತಿರುವ ಮಾನ್ಯ ಶಮ್ಶಿದಿನ್ ಬೈಕೆ ಅವರೇ, ಹನ್ನೊಂದು ಆಸ್ಪತ್ರೆಗಳಿಂದ ಬಿಷ್ಕೆಕ್‌ವರೆಗೆ ಬಂದಿರುವ ವೈದ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ, ನಮ್ಮೆಲ್ಲರ ಹಿರಿಯಕ್ಕ ಬುರುಲ್ಚಾ ಎಜೆ ಅವರೇ, ಸಭಿಕರೇ,

ನಾನು ಜಿಬೆಕ್, ಗಣಕ ವಿಭಾಗದವಳು. ಭಾಷಣ ಮಾಡಿ ಅಭ್ಯಾಸವಿಲ್ಲ. ಧ್ವನಿ ನಡುಗಿದರೆ ಕ್ಷಮಿಸಬೇಕು. ಎಜೆಯ ಬಗ್ಗೆ ಐದು ನಿಮಿಷ ಒಳ್ಳೆಯ ಮಾತು ಹೇಳು ಎಂದು ಬೈಕೆ ಅಪ್ಪಣೆ ಕೊಟ್ಟಿದ್ದಾರೆ.

ಎಜೆ ಮೂವತ್ತೆರಡು ವರ್ಷ ನಮ್ಮ ಶೀತಲ ಕೋಣೆಯ ಬೀಗದ ಕೈ ಹಿಡಿದವರು. ಅವರ ಬಗ್ಗೆ ನಾವು ಏನೆಲ್ಲ ತಮಾಷೆ ಮಾಡಿಲ್ಲ? ಆಸ್ಪತ್ರೆಗಳ ಕೋರಿಕೆಗಳೆಲ್ಲ ಗಣಕದಲ್ಲೇ ಬಂದು ಬೀಳುತ್ತಿದ್ದರೂ ಅವರು ಪ್ರತಿಯೊಂದಕ್ಕೂ ಫೋನು ಮಾಡುತ್ತಿದ್ದರು. "ಎಷ್ಟನೇ ಗುಂಪು ಮಗಳೇ? ಬಾಯಲ್ಲಿ ಹೇಳು, ಕೇಳ್ಬೇಕು ನಂಗೆ." ನಾನೇ ಒಮ್ಮೆ ಹೇಳಿದ್ದೆ, "ಎಜೆ, ನೀವು ಬಿಸಿಲಲ್ಲೂ ಲಾಟೀನು ಹಿಡ್ಕೊಂಡು ಓಡಾಡ್ತೀರಿ." ಅವರು ಅಂದರು, "ನಿನ್ನ ಬಿಸಿಲು ನೀನೇ ಮಾಡಿದ್ದಲ್ವೇನೆ. ಅದಕ್ಕೇ ಲಾಟೀನು."

ಹೌದು, ನಾನೇ ಮಾಡಿದ್ದು. ಎರಡು ಗಣಕಗಳು ಮಾತಾಡಿಕೊಳ್ಳಬೇಕಾದರೆ ನಡುವೆ ಒಂದು ವಿವರಣೆಯ ಕಡತ ಇರುತ್ತದೆ. ಯಾವ ಮಾಹಿತಿ ಬರಬೇಕು, ಯಾವ ರೂಪದಲ್ಲಿ ಬರಬೇಕು ಎಂದು ಅದರಲ್ಲಿ ಬರೆದಿಡುತ್ತೇವೆ. ಬರೆದಂತೆ ಇಲ್ಲದ್ದನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ರಕ್ತದ ಗುಂಪು ಎಂಬ ಸಾಲಿನ ಎದುರು ನಾನು ನಾಲ್ಕೇ ನಾಲ್ಕು ಹೆಸರು ಬರೆಯಬೇಕಿತ್ತು. 'ಪಠ್ಯ' ಎಂದು ಬರೆದೆ. ಅಂದರೆ ಏನು ಬೇಕಾದರೂ ಬರಬಹುದು. ಅವತ್ತು ಅಕ್ಕನ ಮಗುವಿಗೆ ತೊಟ್ಟಿಲ ಶಾಸ್ತ್ರ. ಅಕ್ಕ ಮೂರು ಸಲ ಕರೆದಿದ್ದಳು, ಅನ್ನ ಆರುತ್ತಿದೆ ಎಂದು. 'ಪಠ್ಯ' ಎಂದರೆ ಯಾವ ಆಸ್ಪತ್ರೆಯೂ ಜಗಳಕ್ಕೆ ಬರುವುದಿಲ್ಲ, ಬೇಗ ಹೋಗಬಹುದು. ಹೋದೆ. ಚೆನ್ನಾಗಿ ಉಂಡೆ.

ಆಮೇಲೆ ಏನೇನು ಬಂತು? ಒಬ್ಬರು ಅಂಕಿ ಕಳಿಸಿದರು, ಒಬ್ಬರು ರೋಮನ್ ಅಂಕಿ, ಇನ್ನೊಬ್ಬರು 'ಎರಡನೆಯದು, ದಯವಿಟ್ಟು ಬೇಗ' ಎಂದು. ಕಡತ ಎಲ್ಲವನ್ನೂ ಒಳಗೆ ಬಿಟ್ಟಿತು. ನಾನು ಒಂದೊಂದಕ್ಕೂ ತೇಪೆ ಹಾಕಿದೆ.

ನಮ್ಮಲ್ಲಿ ರಕ್ತಕ್ಕೆ ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು ಎಂದು ಹೆಸರು. ಆದರೆ ಕಣಿವೆಯ ಆಚೆಯ ಒಂದು ಆಸ್ಪತ್ರೆ ಹೊರದೇಶದ ತಂತ್ರಾಂಶ ಕೊಂಡಿತು. ಅದು ಸೊನ್ನೆಯಿಂದ ಎಣಿಸುತ್ತದೆ. ಅದಕ್ಕೆ ಮೊದಲನೆಯ ಗುಂಪು ಸೊನ್ನೆ. ನಾವೂ ಮೊದಲನೆಯದನ್ನು ಸೊನ್ನೆ ಎಂದೂ ಬರೆಯುವುದುಂಟಲ್ಲವೇ? ಹಾಗಾಗಿ ಅದು ಸರಿಯಾಗಿಯೇ ಬಂತು. ಯಾರಿಗೂ ಅನುಮಾನ ಬರಲಿಲ್ಲ. ಉಳಿದವೆಲ್ಲ ಒಂದೊಂದು ಅಂಕಿ ಹಿಂದೆ ಸರಿದವು. ಮೂರನೆಯದು ಅಲ್ಲಿಂದ ಎರಡು ಎಂದು ಬಂತು. ನಾವು ಎರಡನೆಯದು ಎಂದು ಓದಿಕೊಂಡೆವು.

ಆ ದಿನ ಒಬ್ಬ ಬಾಣಂತಿಗೆ ರಕ್ತ ಬೇಕಿತ್ತು. ಎಜೆ ಫೋನು ಮಾಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಿನ್ನ ಯಂತ್ರ ಎರಡು ಅಂತದೆ, ಅಲ್ಲಿಯ ನರ್ಸು ಮೂರು ಅಂತಾಳೆ."

"ನರ್ಸು ತಪ್ಪು ಹೇಳಿರ್ಬೇಕು ಎಜೆ."

"ರಕ್ತ ಕಣ್ಣಾರೆ ಕಂಡವಳು ಅವಳು. ಮೂರನೇದೇ ಕಳಿಸ್ದೆ. ನೀನು ನೋಡು, ಯಾಕೆ ಹಿಂಗಾಯ್ತು ಅಂತ."

ರಕ್ತ ಕೊಡುವ ಮೊದಲು ಅಲ್ಲಿ ಮತ್ತೆ ಪರೀಕ್ಷಿಸುತ್ತಾರೆ, ನಿಜ. ಆದರೆ ತಪ್ಪು ಚೀಲ ಹಿಮದ ದಾರಿಯಲ್ಲಿ ಹೋದ ಮೇಲೆ ಸರಿಯಾದ ಚೀಲಕ್ಕೆ ಇನ್ನೂ ಆರು ಗಂಟೆ. ಆ ತಾಯಿಯ ಹತ್ತಿರ ಆರು ಗಂಟೆ ಇತ್ತೇ?

ನಾನು ನೋಡಿದೆ. ಕಾರಣ ಗೊತ್ತಾಯಿತು. ಆ ಒಂದು ಆಸ್ಪತ್ರೆಗೆ ಮಾತ್ರ ತೇಪೆ ಹಾಕಿ ಸುಮ್ಮನಾದೆ. ಬೈಕೆ, ನಿಮಗೆ ಹೇಳಲಿಲ್ಲ. ಕಡತ ತಿದ್ದಬೇಕಾದರೆ ಹನ್ನೊಂದು ಆಸ್ಪತ್ರೆಗಳ ರುಜು ಬೇಕು, ಎಲ್ಲರೂ 'ಯಾರು ಬರೆದದ್ದು ಇದನ್ನು' ಎಂದು ಕೇಳುತ್ತಾರೆ. ಅದಕ್ಕೆ ಹೆದರಿದೆ. ಎಜೆ ಹೇಗೂ ಫೋನು ಮಾಡುತ್ತಾರಲ್ಲ ಎಂದುಕೊಂಡೆ. ಎರಡು ವರ್ಷ ಅವರನ್ನು ನೋಡಿ ನಕ್ಕು, ಅವರ ಹಿಂದೆಯೇ ಅಡಗಿ ಕುಳಿತೆ.

ಇದನ್ನೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ನನ್ನ ಚೀಟಿಯಲ್ಲಿ ಎಜೆಯ ಕೈರುಚಿಯ ಬಗ್ಗೆ ಇದೆ.

ನಿನ್ನೆ ಸಂಜೆ ತಿಳಿಯಿತು, ಇನ್ನೂ ಮೂರು ಆಸ್ಪತ್ರೆಗಳು ಅದೇ ತಂತ್ರಾಂಶ ಹಾಕಿಕೊಂಡಿವೆ. ಯಾವ ಮೂರು ಎಂದು ನನಗೆ ಗೊತ್ತಿಲ್ಲ. ಎರಡು ಎಂಬ ಅಂಕಿಯ ಮುಖ ನೋಡಿ ಅದು ಯಾವ ಎರಡು ಎಂದು ಹೇಳಲಾಗುವುದಿಲ್ಲ. ಎಜೆಯ ಜಾಗಕ್ಕೆ ಬರುವ ಹೊಸ ಹುಡುಗನಿಗೆ ನಾನೇ ತರಬೇತಿ ಕೊಟ್ಟೆ. ಅವನು ನನ್ನನ್ನು ಕೇಳಿದ, "ಅಕ್ಕಾ, ನಾನೂ ಫೋನ್ ಮಾಡ್ಬೇಕಾ?" ನಾನು ಅಂದೆ, "ಬೇಡಪ್ಪ, ಎಲ್ಲಾ ಗಣಕದಲ್ಲೇ ಬರುತ್ತೆ."

ನಿನ್ನೆ ರಾತ್ರಿಯಿಡೀ ಕೂತು ಹೊಸ ಕಡತ ಬರೆದೆ.

ಮಾನ್ಯ ಅಧ್ಯಕ್ಷರೇ, ಈ ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ನಾನು ಆ ಸೇವೆಯನ್ನು ನಿಲ್ಲಿಸಿ ಬಂದಿದ್ದೇನೆ. ಈಗ ಯಾವ ಕೋರಿಕೆಯೂ ಗಣಕದಲ್ಲಿ ಬರುವುದಿಲ್ಲ. ಹನ್ನೊಂದು ಆಸ್ಪತ್ರೆಗಳಿಗೂ ಶೀತಲ ಕೋಣೆಯ ಫೋನ್ ಸಂಖ್ಯೆ ಕಳಿಸಿದ್ದೇನೆ. ಅಲ್ಲಿ ಇಬ್ಬರು ನರ್ಸುಗಳು ಕುಳಿತಿದ್ದಾರೆ. ವೈದ್ಯ ಅತಿಥಿಗಳೇ, ನಿಮ್ಮ ಜೇಬುಗಳಲ್ಲಿ ಈಗ ಫೋನು ಅದುರುತ್ತಿರುವುದು ಅದಕ್ಕೇ. ದಯವಿಟ್ಟು ಎದ್ದು ಹೋಗಿ ಮಾತಾಡಿ, ನನಗೆ ಅವಮಾನವಾಗುವುದಿಲ್ಲ. ನಾಲ್ಕು ಹೆಸರು ಬರೆದ ಹೊಸ ಕಡತ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೋಗುವಾಗ ರುಜು ಹಾಕಿ. ಹನ್ನೊಂದನೆಯ ರುಜು ಬೀಳುವವರೆಗೆ ನಾನು ಸೇವೆ ಶುರು ಮಾಡುವುದಿಲ್ಲ. ಬೇರೆಯವರಿಂದ ಮಾಡಿಸುವ ಅಧಿಕಾರ ಬೈಕೆಯವರಿಗೆ ಇದೆ. ಅದು ನನಗೆ ಗೊತ್ತು.

ಬುರುಲ್ಚಾ ಎಜೆ, ನಿಮ್ಮ ಸಮಾರಂಭ ಕೆಡಿಸಿದೆ. ನೀವು ಆಗಲೇ ಎದ್ದು ನಿಂತಿದ್ದೀರಿ. ಎಲ್ಲಿಗೆ ಹೊರಟಿದ್ದೀರಿ ಎಂದು ನಾನು ಕೇಳುವುದಿಲ್ಲ. ಫೋನು ಎತ್ತುವುದಕ್ಕೆ ಇಬ್ಬರು ಸಾಲರು.

ಕೇಳಿಸಿಕೊಂಡವರಿಗೂ ನಡುವೆ ಎದ್ದು ಹೋದವರಿಗೂ ಕೃತಜ್ಞತೆಗಳು. ನಮಸ್ಕಾರ.