ಹಾಡು ತೆಗೆದ ಮೇಲೆ

ಗಾಳಿ ಜೋರಾಗಿ ಲಾ ಪಾಸ್ ನಗರದ ಕೇಬಲ್ ಕಾರು ನಡುದಾರಿಯಲ್ಲೇ ನಿಂತುಬಿಟ್ಟಿತು. ಎದ್ದುಹೋಗಲು ಜಾಗವಿಲ್ಲದ ಹಿಲಾರಿಯಾ ಎದುರಿನ ಗಂಡಹೆಂಡಿರ ಮಾತು ಕೇಳಲೇಬೇಕಾಯಿತು. ಹೆಂಡತಿಯ ತೊಡೆಯ ಮೇಲೆ ಬೋಳುತಲೆಯ ಮಗು ಮಲಗಿತ್ತು.

"ಇವನ ಕೂದಲು ತೆಗೆಸಿದ ವಿಡಿಯೋದಲ್ಲಿ ನಮ್ಮಪ್ಪ ಹರಸಿದ್ದು ಕೇಳಿಸ್ತಾನೇ ಇಲ್ಲ. ಸೌಂಡ್ ಏರಿಸು, ನಿಕಾನೋರ್."

"ಏರಿಸಿದ್ರೆ ಹಿನ್ನೆಲೆಗೆ ಹಾಕಿದ ಹಾಡೂ ಏರುತ್ತೆ."

"ಹಾಡು ತೆಗಿ."

"ತೆಗೆದು ನೋಡ್ದೆ. ಫೋನ್ ಹಿಡಿದಿದ್ದ ನಮ್ಮಮ್ಮ ಪಿಸುಗುಟ್ಟಿದ್ದೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತೆ."

"ಏನಂತೆ?"

"ಬೇಡ ಬಿಡು."

"ಹೇಳು. ಇಲ್ಲಿಂದ ಎಲ್ಲಿಗೆ ಓಡ್ತೀಯ?"

"ಮಗು ನಮ್ಮ ವಂಶದ್ದೇ ಅಲ್ಲ ಅಂತ."

ಅವಳು ಮಗುವಿನ ತಲೆ ಸವರಿದಳು.

"ಅವರ ಪಕ್ಕದಲ್ಲೇ ನಿಂತಿದ್ಯಲ್ಲ. ನೀನೇನಂದೆ?"

ಕಾರು ಕದಲಿತು. ನಿಲ್ದಾಣ ಬಂದರೂ ಅವನು ಫೋನನ್ನೇ ನೋಡುತ್ತಿದ್ದ.

"ನಿನ್ನ ದನಿ ಎಷ್ಟು ಏರಿಸಿದ್ರೂ ಕೇಳಿಸಲ್ಲ" ಎಂದು ಅವಳು ಮಗುವನ್ನೆತ್ತಿಕೊಂಡು ಇಳಿದುಹೋದಳು.